ತಣ್ಣೀರ ಕಡಲಿನ ಶಾರ್ಡನೆ, ಕಲಬುರಗಿಯ ಬಿಸಿಲು

ಶಾರ್ಡನೆ ಎಂದರೆ ಬಿಳಿ ದ್ರಾಕ್ಷಿಯ ಒಂದು ತಳಿ, ಅದರಿಂದ ಮಾಡಿದ ಬಿಳಿ ವೈನ್‌ಗೂ ಅದೇ ಹೆಸರು. ಬಾಟಲಿಯ ಲೇಬಲ್ ಮೇಲೆ ‘ಕರಾವಳಿ ತೋಟದ ಶಾರ್ಡನೆ’ ಎಂದು ಕಂಡರೆ ನಮ್ಮ ಕಡೆಯವರಿಗೆ ನೆನಪಾಗುವುದು ಮಂಗಳೂರು, ಕಾರವಾರದ ಬೆವರು. ಆದರೆ ಕಡಲು ಹತ್ತಿರವಿದ್ದ ಮಾತ್ರಕ್ಕೆ ತೋಟ ತಂಪಾಗುವುದಿಲ್ಲ. ಕಡಲಿನ ನೀರೇ ತಣ್ಣಗಿರಬೇಕು. ಕ್ಯಾಲಿಫೋರ್ನಿಯಾದ ಸೊನೋಮಾ ಕೋಸ್ಟ್ 1987ರಲ್ಲಿ ಪ್ರತ್ಯೇಕ ದ್ರಾಕ್ಷಿ ಸೀಮೆ ಎಂಬ ಮಾನ್ಯತೆ ಪಡೆಯಿತು. ಅದರೆದುರಿನ ಪೆಸಿಫಿಕ್ ನೀರು ಬೇಸಿಗೆ ಆರಂಭದಲ್ಲೂ 10ರಿಂದ 13 ಡಿಗ್ರಿಯಷ್ಟೇ. ಗಾಳಿ ಮೇಲಿನ ನೀರನ್ನು ದಡದಿಂದಾಚೆ ತಳ್ಳುತ್ತದೆ, ಆಳದ ತಣ್ಣೀರು ಮೇಲೇಳುತ್ತದೆ. ಒಳನಾಡು ಕಾದಂತೆಲ್ಲ ಮಂಜು ಕಣಿವೆಗಳೊಳಕ್ಕೆ ನುಗ್ಗುತ್ತದೆ. ಚಿಲಿಯ ಕಾಸಾಬ್ಲಾಂಕಾ ಕಣಿವೆಗೂ ಹಂಬೋಲ್ಟ್ ಎಂಬ ತಣ್ಣನೆಯ ಕಡಲ ಪ್ರವಾಹದಿಂದ ಇದೇ ಲಾಭ.

ಈ ತಂಪು ಮಾಡುವ ಕೆಲಸ ಒಂದೇ: ಹುಳಿಯನ್ನು ಕಾಯುವುದು. ಕಾಯಿಯಲ್ಲಿರುವ ಮ್ಯಾಲಿಕ್ ಆಮ್ಲವನ್ನು ಹಣ್ಣು ಉಸಿರಾಟಕ್ಕೆ ಬಳಸಿಕೊಳ್ಳುತ್ತದೆ, ಶೆಕೆ ಹೆಚ್ಚಿದಷ್ಟೂ ಬೇಗ ಕರಗಿಸುತ್ತದೆ. ನಮ್ಮ ದಖನ್ನಿನಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ಎರಡು ಸಲ ಚಾಟಣಿ ಮಾಡಿ (ಬಳ್ಳಿ ಸವರಿ), ಚಳಿಯ ಕೊನೆಗೆ ಕೊಯ್ಯುವುದರಿಂದ ಸಕ್ಕರೆ ಧಾರಾಳವಾಗಿ ಬರುತ್ತದೆ, ಹುಳಿ ಮಾತ್ರ ಬೇಗ ಜಾರುತ್ತದೆ. ಕಡಲ ತೋಟದಲ್ಲಿ 21–22 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ತಲುಪಲು ಹಣ್ಣು ಹೆಚ್ಚು ವಾರ ಕಾಯುತ್ತದೆ. ಹುಳಿ ಉಳಿದೇ ಇರುತ್ತದೆ. ಮದ್ಯಾಂಶ ಶೇಕಡಾ 12.5ರ ಆಸುಪಾಸು. ಲಿಂಬೆ, ಹಸಿರು ಸೇಬಿನ ರುಚಿ, ನಾಲಗೆಯ ಅಂಚು ಜುಮ್ಮೆನಿಸುವ ಗುಣ.

ಅದೇ ವೈನ್‌ನಲ್ಲಿ ಬೆಣ್ಣೆಯ ವಾಸನೆ ಬಂದರೆ ಬೆರಗಾಗಬೇಡಿ. ಬ್ಯಾಕ್ಟೀರಿಯಾ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲಕ್ಕೆ, ಅಂದರೆ ಮೊಸರಿನ ಹುಳಿಗೆ ತಿರುಗಿಸುವಾಗ ಡೈಅಸಿಟೈಲ್ ಎಂಬ ಬೆಣ್ಣೆ ಪರಿಮಳದ ವಸ್ತುವೂ ಹುಟ್ಟುತ್ತದೆ. ವೆನಿಲಾ, ಸುಟ್ಟ ಬ್ರೆಡ್ಡಿನ ವಾಸನೆ ಓಕ್ ಮರದ ಪೀಪಾಯಿಯದು. ಕಡಲ ತಂಪೇ ಬೇಕೆಂದರೆ ಸ್ಟೀಲ್ ತೊಟ್ಟಿಯಲ್ಲಿ ಹುದುಗಿಸಿದ್ದನ್ನೇ ಆರಿಸಿ. ಹೊಸ ಓಕ್ ಹೆಚ್ಚಾದರೆ ಊರಿನ ಗುರುತೇ ಅಳಿಸಿಹೋಗುತ್ತದೆ.

ಇನ್ನು ಕಲಬುರಗಿಯ ಪಾಡು. ಮೇ ತಿಂಗಳಲ್ಲಿ 42–43 ಡಿಗ್ರಿ ಮುಟ್ಟುವ ಊರಲ್ಲಿ ಕಪಾಟಿನೊಳಗಿಟ್ಟ ಬಾಟಲಿ ಹಾಳಾಗಲು ಹೆಚ್ಚು ದಿನ ಬೇಡ. ದ್ರವ ಹಿಗ್ಗಿ ಕಾರ್ಕ್ ಮೇಲೆ ಬರುತ್ತದೆ, ಕತ್ತಿನ ಹೊದಿಕೆಯ ಕೆಳಗೆ ಅಂಟು ಗೆರೆ ಕಾಣುತ್ತದೆ, ಮುಚ್ಚಳ ತೆಗೆದರೆ ಬೆಂದ ಸೇಬಿನ ವಾಸನೆ. ಅಂಗಡಿಯಲ್ಲೇ ಇದನ್ನು ನೋಡಿ ಕೊಳ್ಳಿ. ಬಿಸಿಲಿಗೆ ಒಡ್ಡಿಕೊಂಡ ಕಿಟಕಿಯಂಚಿನದ್ದಂತೂ ಬೇಡ. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನ ಬಿಡಲೇಬೇಡಿ. ಮನೆಗೆ ತಂದ ಬಾಟಲಿಗೆ ಒಂದೆರಡು ತಿಂಗಳ ಮಟ್ಟಿಗೆ ಫ್ರಿಜ್ಜಿನೊಳಗಿನ ಕೆಳಗಿನ ಕಪಾಟೇ ವಾಸಿ. ವರ್ಷಗಟ್ಟಲೆ ಇಟ್ಟರೆ ಅಲ್ಲಿನ ಒಣಗಾಳಿಗೆ ಕಾರ್ಕ್ ಸೊರಗುತ್ತದೆ.

ಕುಡಿಯಲು ಹದ 10ರಿಂದ 12 ಡಿಗ್ರಿ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಪರಿಮಳ ಮುದುಡಿಕೊಂಡಿರುತ್ತದೆ, ತೆಗೆದು ಕೆಲವು ನಿಮಿಷ ಬಿಡಬೇಕು. ನಮ್ಮ ಬೇಸಿಗೆಗೆ ಕಡಿಮೆ ಹೊತ್ತು ಸಾಕು. ತಂಪು ದೇಶದ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಇಲ್ಲಿ ಬೇಡ. ಫ್ರಿಜ್ಜಿಲ್ಲದೆ ತಂಪು ಮಾಡಬೇಕಾದರೆ ಬಕೆಟ್ಟಿಗೆ ಅರ್ಧ ಮಂಜುಗಡ್ಡೆ, ಅರ್ಧ ನೀರು, ಎರಡು ಹಿಡಿ ಉಪ್ಪು ಹಾಕಿ ಕತ್ತಿನವರೆಗೆ ಮುಳುಗಿಸಿ, ಅರ್ಧ ಗಂಟೆ. ಬರೀ ಗಡ್ಡೆಯಲ್ಲಿ ಹೂತರೆ ಸುತ್ತ ಗಾಳಿ ಉಳಿದು ತಡವಾಗುತ್ತದೆ. ಲೋಟಕ್ಕೆ ಒಂದು ಸಲಕ್ಕೆ 100 ಮಿಲಿಗಿಂತ ಹೆಚ್ಚು ಸುರಿಯಬೇಡಿ, ಮುಗಿಯುವಷ್ಟರಲ್ಲಿ ಬೆಚ್ಚಗಾಗಿರುತ್ತದೆ. ತಳದಲ್ಲಿ ಹರಳು ಕಂಡರೆ ಗಾಜಿನ ಚೂರೆಂದು ಹೆದರಬೇಡಿ. ಅದು ಚಳಿಗೆ ಗಟ್ಟಿಯಾದ ಟಾರ್ಟರಿಕ್ ಲವಣ, ನಿರಪಾಯ.

ಊಟದ ಜೊತೆ ಬಂದಾಗ ಖಾರವೇ ಶತ್ರು: ಮದ್ಯ ಮೆಣಸಿನ ಉರಿಯನ್ನು ಹೊತ್ತಿಸುತ್ತದೆ, ಹಾಗಾಗಿ ಕೆಂಪು ಖಾರ ಚಟ್ನಿಗೂ ಮಿರ್ಚಿ ಭಜಿಗೂ ಇದು ಜೋಡಿಯಲ್ಲ. ಎಣ್ಣೆ, ಬೆಣ್ಣೆಯನ್ನು ಹುಳಿ ಕತ್ತರಿಸುವುದರಿಂದ ಬೆಣ್ಣೆ ಹಚ್ಚಿದ ಬಿಸಿ ಜೋಳದ ರೊಟ್ಟಿ, ಖಾರ ತಗ್ಗಿಸಿ ಕರಿದ ಮೀನು ಚೆನ್ನಾಗಿ ಹೊಂದುತ್ತವೆ. ಶೇಂಗಾ, ಎಳ್ಳು ಅರೆದ ಎಣ್ಣಿಗಾಯಿಗೆ ಓಕ್ ಇರುವ ಬಾಟಲಿಯೇ ಒಪ್ಪುತ್ತದೆ, ಖಾರ ಅರ್ಧ ಮಾಡಿದರೆ. ಶೇಂಗಾ ಹೋಳಿಗೆ ತಿಂದ ಮೇಲೆ ಮಾತ್ರ ಸುರಿಯಬೇಡಿ. ಸಿಹಿಯ ಮುಂದೆ ಇದು ಬರಿ ಹುಳಿ ನೀರು. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಬಾಳುತ್ತದೆ.