ಕೈಕಾಲು ಬೆಚ್ಚಗೆ, ಹೃದಯ ಮಾತ್ರ ಸುಸ್ತು: ಥಯಾಮಿನ್ ಕೊರತೆ ಟಿಪ್ಪಣಿ

ಐಸಿಯು ಪೋಸ್ಟಿಂಗ್ ನಡೆಯುತ್ತಿರುವಾಗಲೇ ಬರೆದಿಡುತ್ತಿದ್ದೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ವೆಟ್ ಬೆರಿಬೆರಿ (ಥಯಾಮಿನ್, ಅಂದರೆ ವಿಟಮಿನ್ ಬಿ1, ಕೊರತೆಯಿಂದ ಹೃದಯ ಸೋಲುವ ಕಾಯಿಲೆ) ಓದುವಾಗ ಎರಡು ದಿನ ಒಂದೇ ಸಾಲಿನಲ್ಲಿ ಸಿಕ್ಕಿಬಿದ್ದಿದ್ದೆ: ಹಾರ್ಟ್ ಫೇಲ್ಯೂರ್ ಅಂತೆ, ಆದರೆ ಕಾರ್ಡಿಯಾಕ್ ಔಟ್‌ಪುಟ್ (ಹೃದಯ ನಿಮಿಷಕ್ಕೆ ಪಂಪ್ ಮಾಡುವ ರಕ್ತ) ಜಾಸ್ತಿಯಂತೆ. ಹಾಗಾದರೆ ಸೋತದ್ದು ಯಾವುದು?

ಬಯೋಕೆಮಿಸ್ಟ್ರಿ ನಿಮಗೆ ಗೊತ್ತಿರುವುದೇ. ಸಕ್ಕರೆ ಒಡೆದು ಬಂದ ಪೈರುವೇಟನ್ನು ಇಂಧನದ ದಾರಿಗೆ ಹತ್ತಿಸುವ ಕಿಣ್ವ ಪೈರುವೇಟ್ ಡಿಹೈಡ್ರೋಜಿನೇಸ್ ಬಿ1 ಇಲ್ಲದೆ ನಡೆಯದು, ಪೈರುವೇಟ್ ಎಲ್ಲ ಲ್ಯಾಕ್ಟೇಟ್ ಕಡೆ ತಿರುಗುತ್ತದೆ. ಆಮ್ಲಜನಕ ಬೇಕಾದಷ್ಟಿದ್ದರೂ ಲ್ಯಾಕ್ಟೇಟ್ ಏರುವುದು ಅದಕ್ಕೇ. ದೇಹದ ದಾಸ್ತಾನು ಬರೀ 30 ಮಿ.ಗ್ರಾಂ ಆಸುಪಾಸು, ಎರಡು ಮೂರು ವಾರ ಸರಿಯಾಗಿ ಊಟ ಸೇರದಿದ್ದರೆ ತಳ ಕಾಣುತ್ತದೆ.

ಈಗ ನನ್ನ ತಲೆ ಕೆಡಿಸಿದ ಭಾಗ. ಲೆಕ್ಕ ಹಾಕಿದ ಮೇಲೇ ನನಗೆ ಹೊಳೆದದ್ದು. ಎಂಎಪಿ (ಸರಾಸರಿ ರಕ್ತದೊತ್ತಡ) 65, ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ಅಭಿಧಮನಿಯ ಒತ್ತಡ) 15, ಔಟ್‌ಪುಟ್ ನಿಮಿಷಕ್ಕೆ 10 ಲೀಟರ್ ಅಂದುಕೊಳ್ಳಿ. 65ರಲ್ಲಿ 15 ಕಳೆದರೆ 50. ಅದನ್ನು 10ರಿಂದ ಭಾಗಿಸಿ 80ರಿಂದ ಗುಣಿಸಿದರೆ ಎಸ್‌ವಿಆರ್ (ಹರಿಯುವ ರಕ್ತಕ್ಕೆ ರಕ್ತನಾಳಗಳು ಒಡ್ಡುವ ತಡೆ) 400. ಇರಬೇಕಾದದ್ದು 800ರಿಂದ 1200. ಅಂದರೆ ರಕ್ತನಾಳಗಳು ಸಡಿಲಗೊಂಡು ಹಿಗ್ಗಿವೆ. ಮನೆಯ ನಲ್ಲಿಗಳನ್ನೆಲ್ಲ ತಿರುಗಿಸಿಟ್ಟು ಮೋಟರ್ ಹಾಕಿದ ಹಾಗೆ: ನೀರು ಧಾರಾಳ ಹರಿಯುತ್ತದೆ, ಫೋರ್ಸ್ ಮಾತ್ರ ಇಲ್ಲ. ಕಿಡ್ನಿಗೆ ಕಾಣುವುದು ಆ ಕಡಿಮೆ ಒತ್ತಡವೊಂದೇ. ರಕ್ತ ಕಡಿಮೆಯಾಗಿದೆ ಎಂದುಕೊಂಡು ಅದು ಉಪ್ಪು, ನೀರು ಎರಡನ್ನೂ ಹಿಡಿದಿಡುತ್ತದೆ. ಸಿವಿಪಿ ಏರುತ್ತದೆ, ಕಾಲು ಊದುತ್ತದೆ. ಇತ್ತ ಇಂಧನವೇ ಸಿಗದ ಹೃದಯ ದುಪ್ಪಟ್ಟು ದುಡಿಯಬೇಕು. 10 ಲೀಟರ್ ಕೊಟ್ಟರೂ ದೇಹಕ್ಕೆ ಸಾಲುತ್ತಿಲ್ಲ, ಸೋಲು ಅಂದರೆ ಅದು.

ಈ ಚಿತ್ರ ಸೆಪ್ಸಿಸ್‌ನ (ಸೋಂಕಿಗೆ ದೇಹವೇ ಹದ ತಪ್ಪಿ ಪ್ರತಿಕ್ರಿಯಿಸುವ ಸ್ಥಿತಿ) ಪಡಿಯಚ್ಚು: ಬೆಚ್ಚಗಿನ ಕೈಕಾಲು, ಕುಸಿದ ಬಿಪಿ, ಏರಿದ ಲ್ಯಾಕ್ಟೇಟ್. ಆ್ಯಂಟಿಬಯೋಟಿಕ್, ಫ್ಲೂಯಿಡ್, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಎಲ್ಲ ಆದರೂ ಲ್ಯಾಕ್ಟೇಟ್ ಇಳಿಯದಿದ್ದರೆ ಹಿಸ್ಟರಿಗೆ ವಾಪಸ್ ಹೋಗಿ. ಕುಡಿತ, ನಿಲ್ಲದ ವಾಂತಿ, ಬೇರಿಯಾಟ್ರಿಕ್ (ತೂಕ ಇಳಿಸುವ) ಸರ್ಜರಿ, ಡಯಾಲಿಸಿಸ್, ತಿಂಗಳುಗಟ್ಟಲೆ ಫ್ಯೂರೊಸಮೈಡ್ (ಮೂತ್ರ ಹೆಚ್ಚಿಸುವ ಔಷಧ, ಅದು ಮೂತ್ರದಲ್ಲಿ ಬಿ1 ಹೊರಹಾಕಿಸುತ್ತದೆ), ವಿಟಮಿನ್ ಸೇರಿಸದ ಟಿಪಿಎನ್ (ರಕ್ತನಾಳದ ಮೂಲಕವೇ ಕೊಡುವ ಪೂರ್ತಿ ಪೋಷಣೆ). 1997ರಲ್ಲಿ ಅಮೆರಿಕದಲ್ಲಿ ಐವಿ ಮಲ್ಟಿವಿಟಮಿನ್ ಸಿಗದೆ, ಟಿಪಿಎನ್ ಮೇಲಿದ್ದವರಿಗೆ ಲ್ಯಾಕ್ಟಿಕ್ ಆ್ಯಸಿಡೋಸಿಸ್ (ಲ್ಯಾಕ್ಟೇಟ್ ಏರಿ ರಕ್ತ ಆಮ್ಲೀಯವಾಗುವುದು) ಆದದ್ದು ಇದೇ ಕಾರಣಕ್ಕೆ.

ಊಟದ ವಿಷಯ ಕೇಳುವಾಗ ಅಕ್ಕಿ ಯಾವುದು ಅಂತಲೂ ಕೇಳಿ. ಪಾಲಿಶ್ ಮಾಡಿದರೆ ತೌಡಿನ ಜೊತೆ ಬಿ1 ಹೋಗುತ್ತದೆ. ಕರಾವಳಿಯ ಕುಚ್ಚಲಕ್ಕಿಯಲ್ಲಿ ಭತ್ತ ಬೇಯಿಸುವಾಗಲೇ ಅದು ಕಾಳಿನೊಳಗೆ ಇಳಿದಿರುತ್ತದೆ. ಗಂಜಿ ಬಸಿದು ಚೆಲ್ಲಿದರೆ ಮಾತ್ರ ಒಂದಿಷ್ಟು ಅದರ ಜೊತೆ ಹೋಯಿತು!

ಈ ಕಾಯಿಲೆಯ ಬಿರುಸಿನ ರೂಪಕ್ಕೆ ಶೋಶಿನ್ ಎಂಬ ಜಪಾನಿ ಹೆಸರು, 'ಶಿನ್' ಅಂದರೆ ಹೃದಯ. ಇಲ್ಲಿ ಗಂಟೆಗಳ ಲೆಕ್ಕ. ಅನುಮಾನ ಬಂದರೆ ಟ್ರಾನ್ಸ್‌ಕೀಟೊಲೇಸ್ (ಬಿ1 ಕೊರತೆ ತೋರಿಸುವ ರಕ್ತಪರೀಕ್ಷೆ) ರಿಪೋರ್ಟಿಗೆ ಕಾಯದೆ ಐವಿ ಥಯಾಮಿನ್ ಕೊಡುತ್ತಾರೆ. ಡೋಸ್ ಯೂನಿಟ್‌ನಿಂದ ಯೂನಿಟ್‌ಗೆ 100ರಿಂದ 500 ಮಿ.ಗ್ರಾಂವರೆಗೆ ಬೇರೆ ಬೇರೆ. ಬರೀ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಓಡಿಸುತ್ತ ಥಯಾಮಿನ್ ಮರೆತರೆ ದೇಹದಲ್ಲಿ ಉಳಿದ ಚೂರುಪಾರು ಬಿ1 ಕೂಡ ಖರ್ಚಾಗುತ್ತದೆ.

ವೈವಾದಲ್ಲಿ ಕೇಳಬಹುದಾದ ಒಂದು ತಿರುವು: ಥಯಾಮಿನ್ ಸಿಕ್ಕ ಮೇಲೆ ರಕ್ತನಾಳಗಳು ಬೇಗ ಬಿಗಿಯುತ್ತವೆ, ಹೃದಯದ ಸ್ನಾಯು ಚೇತರಿಸಲು ಇನ್ನಷ್ಟು ಹೊತ್ತು ಬೇಕು. ಆ ನಡುವೆ ಎಸ್‌ವಿಆರ್ ಏರಿ, ಈಗ ನಿಜಕ್ಕೂ ಔಟ್‌ಪುಟ್ ಕಡಿಮೆಯಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಲ್ಯಾಕ್ಟೇಟ್ ಇಳಿಯಿತು ಅಂತ ಮಾನಿಟರ್ ಬಿಟ್ಟು ಟೀಗೆ ಹೋಗಬೇಡಿ.