ತೊಗರಿ ಹೊಲದಲ್ಲಿ ಮೈನಸ್ ನೂರು: ಸಿಗ್ನಲ್ ಅಂಕಿಯ ಗೊಂದಲ ಬೆಳೆದು ಬಂದ ಬಗೆ

ಕಲಬುರಗಿಯ ಎರೆ ಹೊಲದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಇಟ್ಟಿದ್ದಾರೆ ಎಂದುಕೊಳ್ಳಿ. ಪರದೆಯ ಮೇಲೆ ಸಿಗ್ನಲ್ −100 ಡಿಬಿಎಂ ಎಂದು ಕಾಣುತ್ತದೆ. ಒಬ್ಬರು ‘ಸಿಗ್ನಲ್ ಹೋಯ್ತು’ ಎನ್ನುತ್ತಾರೆ. ಇನ್ನೊಬ್ಬರು ‘ಆರಾಮ ಇದೆ, ಬಿಡಿ’ ಎನ್ನುತ್ತಾರೆ. ಇಬ್ಬರ ಮಾತೂ ಸರಿ ಇರಬಹುದು. ಹತ್ತಿರದ ಸೆನ್ಸರ್‌ಗಳನ್ನು ಜೋಡಿಸುವ ಹಳೆಯ ಜಿಗ್‌ಬೀ ರೇಡಿಯೊಗೆ ಅದು ಕೇಳಿಸದ ಮಟ್ಟ. ದೂರದ ಸಂಪರ್ಕಕ್ಕೆಂದೇ ಮಾಡಿದ ಲೋರಾ ರೇಡಿಯೊ −130ರ ಆಚೆಗೂ ಕೇಳಿಸಿಕೊಳ್ಳಬಲ್ಲದು.

ಡಿಬಿಎಂ ಎಂದರೆ ಸಿಗ್ನಲ್ ಬಲದ ಅಳತೆ. ಅದರಲ್ಲಿ ಸೊನ್ನೆ ಎಂದರೆ ಒಂದು ಮಿಲಿವ್ಯಾಟ್. ಹತ್ತು ಅಂಕಿ, ಅಂದರೆ 10 ಡಿಬಿ, ಇಳಿದರೆ ಶಕ್ತಿ ಹತ್ತನೇ ಒಂದು ಭಾಗ. −60ಕ್ಕೂ −90ಕ್ಕೂ ಇರುವ ಅಂತರ ಸಾವಿರ ಪಟ್ಟು. ಇಷ್ಟು ಗೊತ್ತಿದ್ದರೆ ಮುಂದಿನದು ಸುಲಭ.

1946ರಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಫ್ರಿಸ್ ಒಂದು ಸೂತ್ರ ಕೊಟ್ಟರು: ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸಿಗ್ನಲ್ 6 ಡಿಬಿ ಇಳಿಯುತ್ತದೆ. ಸೂತ್ರವನ್ನು ತಿರುಗಿಸಿದರೆ ಸಿಗ್ನಲ್‌ನಿಂದಲೇ ದೂರ ಸಿಗಬೇಕಲ್ವಾ? ಈ ಆಸೆ ಇಂದಿಗೂ ಹೋಗಿಲ್ಲ. 2000ದಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ‘ರೇಡಾರ್’ ಯೋಜನೆ ಕಟ್ಟಡದೊಳಗೆ ಜನ ಎಲ್ಲಿದ್ದಾರೆಂದು ವೈರ್‌ಲೆಸ್ ಸಿಗ್ನಲ್‌ನಿಂದ ಗುರುತಿಸಿತು. ಅಲ್ಲೂ ಸೂತ್ರದ ಲೆಕ್ಕಕ್ಕಿಂತ, ಮೊದಲೇ ಜಾಗ ಜಾಗದಲ್ಲಿ ಅಳೆದಿಟ್ಟ ಅಂಕಿಗಳೇ ಹೆಚ್ಚು ನಿಖರ ಫಲ ಕೊಟ್ಟವು.

ನಂತರ ಬಂದದ್ದು ‘ಮೋಟ್’ಗಳ ಕಾಲ. ಇಂದಿನ ಗೊಂದಲದ ಬೇರುಗಳೆಲ್ಲ ಅಲ್ಲೇ ಇವೆ. ಬ್ಯಾಟರಿ ಮೇಲೆ ನಡೆಯುವ ಪುಟ್ಟ ಸೆನ್ಸರ್ ಬೋರ್ಡ್‌ಗಳವು. ನಮ್ಮ ರಾಜ್ಯದಲ್ಲೂ ಪಾವಗಡದ ಚೆನ್ನಕೇಶವಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಸಂಶೋಧಕರ ಜೊತೆ ಮಳೆ ನಂಬಿದ ರೈತರಿಗಾಗಿ ಇಂಥ ಜಾಲ ಪ್ರಯೋಗಿಸಿದರು.

ಆಗ ಹೆಸರಾಗಿದ್ದ ಮೈಕಾ2 ಬೋರ್ಡ್‌ನಲ್ಲಿ ಸಿಸಿ1000 ಎಂಬ ಚಿಪ್ ಇತ್ತು. ಅದು ಸಿಗ್ನಲ್ ಬಲವನ್ನು ವೋಲ್ಟೇಜ್ ಆಗಿ ಕೊಡುತ್ತಿತ್ತು, ಅದೂ ತಿರುವುಮುರುವು: ವೋಲ್ಟೇಜ್ ಜಾಸ್ತಿಯಾದರೆ ಸಿಗ್ನಲ್ ಕಡಿಮೆ. ಬ್ಯಾಟರಿ ಇಳಿದರೆ ಅಳತೆಯ ಲೆಕ್ಕವೂ ಬದಲಾಗುತ್ತಿತ್ತು. ಟೆಲೋಸ್ ಬೋರ್ಡ್‌ನ ಸಿಸಿ2420 ಚಿಪ್ ನೇರವಾಗಿ ಅಂಕಿ ಕೊಟ್ಟಿತು. ಆದರೆ ಅದರಿಂದ ಸುಮಾರು 45 ಕಳೆಯಬೇಕು. ಚಿಪ್ −20 ಎಂದರೆ ನಿಜವಾದ ಬಲ −65 ಡಿಬಿಎಂ. ಮೈನಸ್ ಚಿಹ್ನೆ ಗಮನಿಸದ ಪ್ರೋಗ್ರಾಂ ಆ −20 ಅನ್ನೇ 236 (256ರಲ್ಲಿ 20 ಕಳೆದು) ಎಂದು ಓದುತ್ತದೆ! ಮುಂದೆ ಬಂದ ಸಿಸಿ2530ರಲ್ಲಿ ಕಳೆಯಬೇಕಾದದ್ದು 73. ಒಂದು ಚಿಪ್‌ನ ಲೆಕ್ಕ ಇನ್ನೊಂದಕ್ಕೆ ನಕಲಾದರೆ ಸುಮಾರು 28 ಡಿಬಿ ತಪ್ಪು, ಅಂದರೆ ಆರುನೂರು ಪಟ್ಟಿಗೂ ಜಾಸ್ತಿ. ಪ್ರಾಜೆಕ್ಟ್ ವರದಿಗಳಲ್ಲಿ ಚಿಪ್ ಹೆಸರನ್ನೇ ಬರೆಯದೆ ಗ್ರಾಫ್ ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಆ ಗ್ರಾಫ್‌ನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಸಿಸಿ2420 ತಯಾರಕರೇ ಅದರ ಅಳತೆಯಲ್ಲಿ 6 ಡಿಬಿ ಆಚೀಚೆ ಆಗಬಹುದು ಎಂದು ಬರೆದಿದ್ದರು. ಇದನ್ನು ಫ್ರಿಸ್ ಸೂತ್ರಕ್ಕೆ ಹಾಕಿ ನೋಡಿ. 50 ಮೀಟರ್ ದೂರ 25 ಅಂತಲೂ ಬರಬಹುದು, 100 ಅಂತಲೂ ಬರಬಹುದು. ಹಾಗಂತ ಅಂಕಿ ಸುಮ್ನೆ ಅಲ್ಲ. 2006ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಣ್ಣನ್ ಶ್ರೀನಿವಾಸನ್ ಮತ್ತು ಫಿಲಿಪ್ ಲೆವಿಸ್ ಈ ಚಿಪ್‌ಗಳನ್ನೇ ಪರೀಕ್ಷಿಸಿದರು. ಸಿಗ್ನಲ್ −87ಕ್ಕಿಂತ ಮೇಲಿದ್ದರೆ ನೂರಕ್ಕೆ 85ರಷ್ಟಾದರೂ ಪ್ಯಾಕೆಟ್ (ರೇಡಿಯೊ ಒಮ್ಮೆಗೆ ಕಳುಹಿಸುವ ಮಾಹಿತಿಯ ಕಂತು) ತಲುಪುತ್ತವೆ ಎಂದು ಕಂಡರು. ದೂರ ಅಳೆಯಲು ಒದಗದ ಅಂಕಿ, ಕೊಂಡಿ ಗಟ್ಟಿಯಿದೆಯೇ ಎಂದು ಹೇಳಲು ಚೆನ್ನಾಗಿಯೇ ಒದಗುತ್ತದೆ.

ಈಗ ಲೋರಾ ಕಾಲ. ಭಾರತದಲ್ಲಿ ಇದಕ್ಕೆ ಬಳಸುವುದು ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್. ಲೋರಾ ಸುತ್ತಲಿನ ರೇಡಿಯೊ ಗದ್ದಲದ ಮಟ್ಟಕ್ಕಿಂತ ಕೆಳಗಿನ ಸಿಗ್ನಲ್ಲನ್ನೂ ಹಿಡಿಯುತ್ತದೆ. ಅಂಥ ಹೊತ್ತಿನಲ್ಲಿ ಚಿಪ್ ತೋರಿಸುವ ಬಲದಲ್ಲಿ ಗದ್ದಲವೂ ಸೇರಿರುತ್ತದೆ. ಪಕ್ಕದಲ್ಲೇ ಬರುವ, ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಎಂದು ಹೇಳುವ ಎಸ್‌ಎನ್‌ಆರ್ ಅಂಕಿಯನ್ನೂ ಜೊತೆಗಿಟ್ಟು ಓದಬೇಕು.

ನಮ್ಮ ಭಾಗಕ್ಕೆ ಬಂದರೆ ಇನ್ನೆರಡು ಸಂಗತಿಗಳಿವೆ. ಮೊದಲನೆಯದು ಬಿಸಿಲು. 25 ಡಿಗ್ರಿಯಿಂದ 65ಕ್ಕೆ ಏರಿದರೆ ಸಿಸಿ2420 ಇರುವ ಎರಡು ಬೋರ್ಡ್‌ಗಳ ನಡುವೆ ಸುಮಾರು 8 ಡಿಬಿ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿಯ ಗಾಳಿಯೇ 40 ದಾಟುತ್ತದೆ, ಬಿಸಿಲಿಗಿಟ್ಟ ಮುಚ್ಚಿದ ಡಬ್ಬಿಯೊಳಗೆ ಇನ್ನೂ ಜಾಸ್ತಿ. ಮಧ್ಯಾಹ್ನ ಸಿಗ್ನಲ್ ಇಳಿದು ರಾತ್ರಿ ಏರಿದರೆ ಸೆನ್ಸರ್ ಕೆಟ್ಟಿದೆ ಎಂದು ಬದಲಿಸಬೇಕಿಲ್ಲ.

ಎರಡನೆಯದು ತೊಗರಿಯೇ. ಮುಂಗಾರು ಬಿತ್ತನೆ ಹೊತ್ತಿಗೆ ಹೊಲ ಬಯಲು. ಹೂವಾಡುವ ಹೊತ್ತಿಗೆ ಗಿಡ ಆಳೆತ್ತರ. ಎಲೆಯಲ್ಲಿರುವ ನೀರು ರೇಡಿಯೊ ಅಲೆಯನ್ನು ಹೀರುತ್ತದೆ, ಚದುರಿಸುತ್ತದೆ. ಜಿಗ್‌ಬೀ ಬೋರ್ಡ್‌ಗಳ 2.4 ಗಿಗಾಹರ್ಟ್ಸ್‌ಗೆ ಈ ಪೆಟ್ಟು ಲೋರಾದ 865 ಮೆಗಾಹರ್ಟ್ಸ್‌ಗಿಂತ ಜೋರು. ಜೂನ್‌ನಲ್ಲಿ ಮೊಣಕಾಲೆತ್ತರಕ್ಕೆ ಆಂಟೆನಾ ನಿಲ್ಲಿಸಿ, ಅಂಕಿ ಚೆನ್ನಾಗಿದೆ ಎಂದು ಬರೆದುಕೊಂಡು ಹೋದರೆ ಆ ಬರಹ ನವೆಂಬರ್‌ಗೆ ನಡೆಯುವುದಿಲ್ಲ. ಕಂಬ ಬೆಳೆಯ ತಲೆ ದಾಟಬೇಕು, ಹೂವಿನ ಕಾಲದಲ್ಲಿ ಮತ್ತೊಮ್ಮೆ ಅಳೆಯಬೇಕು. ರೈತರಿಗೆ ತೋರಿಸುವ ನಕ್ಷೆಯಲ್ಲಿ ಬರೀ ಹಸಿರು, ಕೆಂಪು ಚುಕ್ಕೆ ಇದ್ದರೆ ಸಾಲದು. ಅಳೆದ ತಿಂಗಳು, ಕಂಬದ ಎತ್ತರ, ಚಿಪ್ ಯಾವುದು ಎನ್ನುವುದೂ ಇರಲಿ. ದುಡ್ಡು ಹಾಕುವವರು ಅವರು, ಇದು ಅವರ ಹಕ್ಕು.

ಇನ್ನೊಂದು ವಿಷಯ ಮರೆಯುವವರೇ ಹೆಚ್ಚು. ಸಿಗ್ನಲ್ ಅಂಕಿ ಸಿಗುವುದು ಬಂದು ಮುಟ್ಟಿದ ಪ್ಯಾಕೆಟ್‌ಗಳಿಂದ ಮಾತ್ರ. ದಾರಿಯಲ್ಲೇ ಸತ್ತ ಪ್ಯಾಕೆಟ್‌ಗೆ ಅಂಕಿಯೇ ಇಲ್ಲ. ಹೀಗಾಗಿ ಅರ್ಧಕ್ಕರ್ಧ ಪ್ಯಾಕೆಟ್ ಕಳೆದುಕೊಳ್ಳುವ ಕೊಂಡಿಯ ಸರಾಸರಿಯೂ ಪರವಾಗಿಲ್ಲ ಅನ್ನುವ ಹಾಗೆ ಕಾಣುತ್ತದೆ. ಪ್ರತಿ ಪ್ಯಾಕೆಟ್‌ಗೂ ಕ್ರಮಸಂಖ್ಯೆ ಹಾಕಿ ಕಳುಹಿಸಿದರೆ ಎಷ್ಟು ತಪ್ಪಿದವು ಎಂದು ಗೊತ್ತಾಗುತ್ತದೆ. ಅದಕ್ಕೆ ಬೇಕಾಗುವುದು ಒಂದೋ ಎರಡೋ ಬೈಟ್.