ಪಾತಿ ಖಾಲಿ ಇರುವಾಗ ಕೈತೋಟದ ಯೋಜನೆ ಹೇಗೆ?

ಪ್ರಶ್ನೆ: ಬಿತ್ತನೆಗೆ ಇನ್ನೂ ಎರಡೂವರೆ ತಿಂಗಳಿದೆ, ಪಾತಿಗಳೆಲ್ಲ ಖಾಲಿ ಬಿದ್ದಿವೆ. ಹೋದ ಸಲ ಟೊಮೆಟೊ, ಹುರುಳಿಕಾಯಿ, ಮೂಲಂಗಿ ಎಲ್ಲವೂ ಒಟ್ಟಿಗೇ ರಾಶಿ ಬಂದು ಹಂಚಿ ಹಂಚಿ ಸಾಕಾಯಿತು. ಆಮೇಲೆ ಎರಡು ತಿಂಗಳು ಒಂದು ಹಿಡಿ ಸೊಪ್ಪೂ ಸಿಗಲಿಲ್ಲ. ಈ ಬಿಡುವಿನಲ್ಲಿ ಏನು ಮಾಡಿಕೊಂಡರೆ ಈ ಸಲ ಒಳ್ಳೆಯ ಫಸಲು ತೆಗೆಯಬಹುದು?

ಉತ್ತರ: ಬಿತ್ತುವ ಮೊದಲೇ ಕೇಳಿದಿರಲ್ಲ, ಅದೇ ಒಳ್ಳೆಯದಾಯಿತು. ಹೋದ ಸಲ ನಿಮ್ಮ ಗಿಡಗಳಲ್ಲೂ ಮಣ್ಣಲ್ಲೂ ದೊಡ್ಡ ದೋಷವೇನೂ ಇದ್ದಂತಿಲ್ಲ, ಇದ್ದಿದ್ದರೆ ರಾಶಿ ಬರುತ್ತಲೇ ಇರಲಿಲ್ಲ. ತಪ್ಪಿದ್ದು ದಿನಗಳ ಲೆಕ್ಕ. ಆ ಲೆಕ್ಕ ಹಾಕುವುದಕ್ಕೆ ಇಂಥ ಖಾಲಿ ತಿಂಗಳುಗಳಷ್ಟು ಒಳ್ಳೆಯ ಸಮಯ ಇನ್ನೊಂದಿಲ್ಲ, ಏಕೆಂದರೆ ಬಿತ್ತನೆ ಶುರುವಾದ ಮೇಲೆ ಕೂತು ಯೋಚಿಸಲು ಪುರುಸೊತ್ತೇ ಇರುವುದಿಲ್ಲ.

ಲೆಕ್ಕವನ್ನು ಬೀಜದಿಂದ ಶುರುಮಾಡಬೇಡಿ, ಅಡುಗೆಮನೆಯಿಂದ ಶುರುಮಾಡಿ. ಒಂದು ವಾರ ಮನೆಗೆ ಯಾವ ತರಕಾರಿ ಎಷ್ಟು ಬೇಕಾಯಿತು ಎಂದು ಬರೆದಿಡಿ. ಮನೆಯಲ್ಲಿ ಯಾರೂ ತಿನ್ನದ್ದನ್ನು ಬೀಜದ ಪೊಟ್ಟಣದ ಚಿತ್ರ ಚೆನ್ನಾಗಿದೆ ಎಂದು ಬೆಳೆಯುವುದು ಬೇಡ. ಆಮೇಲೆ ಕ್ಯಾಲೆಂಡರಿನಲ್ಲಿ ಫಸಲು ಬೇಕಾದ ದಿನವನ್ನು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಟೊಮೆಟೊ ಸಸಿಮಡಿಯಲ್ಲಿ ನಾಲ್ಕರಿಂದ ಆರು ವಾರ ಇರುತ್ತದೆ, ನಾಟಿ ಮಾಡಿದ ಮೇಲೆ ಹಣ್ಣಿಗೆ ಬರಲು ತಳಿಯನ್ನು ನೋಡಿಕೊಂಡು 60ರಿಂದ 80 ದಿನ. ಅಂದರೆ ಮೊದಲ ಹಣ್ಣು ಬೇಕಾದ ದಿನಕ್ಕಿಂತ ಸುಮಾರು ಮೂರೂವರೆ ತಿಂಗಳು ಮೊದಲೇ ಬೀಜ ಮಣ್ಣಿಗೆ ಬಿದ್ದಿರಬೇಕು. ಸಣ್ಣ ಮೂಲಂಗಿಗೆ 25ರಿಂದ 30 ದಿನ ಸಾಕು. ಬಳ್ಳಿಯಾಗದ ಹುರುಳಿಕಾಯಿಗೆ 50ರಿಂದ 60 ದಿನ. ಇವೆರಡನ್ನೂ ಒಂದೇ ದಿನ ಪೂರ್ತಿ ಬಿತ್ತಿಬಿಟ್ಟರೆ ರಾಶಿ ಬರುವುದೂ ಆಮೇಲೆ ಬರಿದಾಗುವುದೂ ಖಂಡಿತ.

ಅದರ ಬದಲು ತುಂಡು ತುಂಡಾಗಿ ಬಿತ್ತಿ. ಹುರುಳಿಕಾಯಿಯ 30 ಬೀಜ ಊರಬೇಕೆಂದಿದ್ದರೆ 15 ದಿನಕ್ಕೊಮ್ಮೆ ಹತ್ತರಂತೆ ಮೂರು ಸಲ ಊರಿ. ಮೂಲಂಗಿ, ಸೊಪ್ಪುಗಳನ್ನು ಹತ್ತು ದಿನಕ್ಕೊಮ್ಮೆ ಒಂದೊಂದು ಸಾಲು ಹಾಕಿ. ಒಂದು ಸಾಲು ಕಿತ್ತ ದಿನವೇ ಅಲ್ಲಿಗೆ ಮುಂದೇನು ಎಂಬುದೂ ಕಾಗದದಲ್ಲಿ ಇರಲಿ. ಟೊಮೆಟೊ ಸಸಿಗಳ ನಡುವಿನ ಜಾಗ ಮೊದಲ ಒಂದು ತಿಂಗಳು ಬಿಸಿಲಿಗೆ ಬಿದ್ದಿರುತ್ತದೆ, ಆ ಅವಧಿಯಲ್ಲಿ ಒಂದು ಸೊಪ್ಪಿನ ಬೆಳೆ ಆರಾಮವಾಗಿ ಬಂದು ಹೋಗುತ್ತದೆ.

ಇನ್ನು ನಕ್ಷೆ. ಚೌಕಳಿ ಕಾಗದದಲ್ಲಿ ಒಂದು ಮನೆಗೆ ಒಂದು ಅಡಿ ಎಂದು ಲೆಕ್ಕ ಹಿಡಿದು ಪಾತಿಗಳನ್ನು ಬರೆದುಕೊಳ್ಳಿ. ಪಾತಿ ನಾಲ್ಕು ಅಡಿಗಿಂತ ಅಗಲ ಬೇಡ; ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು, ಮಣ್ಣನ್ನು ತುಳಿಯಬಾರದು. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಪಾತಿಯಲ್ಲಿ ಎರಡೆರಡು ಅಡಿ ಅಂತರ ಕೊಟ್ಟರೆ ಟೊಮೆಟೊ ಹತ್ತೇ ಗಿಡ ಹಿಡಿಯುವುದು. ಸಸಿ ಚಿಕ್ಕದಿರುವಾಗ ಇಪ್ಪತ್ತೈದು ನೆಡುವ ಆಸೆ ಎಲ್ಲರಿಗೂ ಬರುತ್ತದೆ. ಆಮೇಲೆ ಗಾಳಿ ಆಡದೆ ಎಲೆಗೆ ರೋಗ ಬಂದು, ಹತ್ತು ಗಿಡ ಕೊಡುವಷ್ಟನ್ನೂ ಆ ಇಪ್ಪತ್ತೈದು ಕೊಡುವುದಿಲ್ಲ. ನಕ್ಷೆಯಲ್ಲೇ ಹೋದ ವರ್ಷ ಎಲ್ಲಿ ಏನಿತ್ತು ಎಂದು ಬರೆಯಿರಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು; ಒಂದರ ಸೊರಗು ರೋಗ ಮಣ್ಣಿನಲ್ಲಿ ಉಳಿದು ಇನ್ನೊಂದಕ್ಕೆ ತಗಲುತ್ತದೆ. ಆದ್ದರಿಂದ ಈ ನಾಲ್ಕರಲ್ಲಿ ಯಾವುದು ಬೆಳೆದ ಪಾತಿಗೂ ಮೂರು ವರ್ಷ ಈ ಕುಟುಂಬ ಮತ್ತೆ ಬರಬಾರದು.

ಬಿಸಿಲಿನ ವಿಷಯದಲ್ಲಿ ನಾನೇ ಒಂದು ಸಲ ಪೂರ್ತಿ ಪಾತಿ ಕಳೆದುಕೊಂಡಿದ್ದೇನೆ. ಬಿಡುವಿನ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರು ಗಂಟೆಗೆ ಗೋಡೆಯ ನೆರಳಿನ ಅಂಚಿಗೆ ಕಲ್ಲಿಟ್ಟು ಗುರುತು ಮಾಡಿದ್ದೆ, ನೆರಳಿಲ್ಲದ ಕಡೆ ಬದನೆಗೆ ಜಾಗ ಇಟ್ಟಿದ್ದೆ. ಗಿಡ ಹೂವಿಗೆ ಬರುವ ಹೊತ್ತಿಗೆ ನೆರಳು ಆ ಕಲ್ಲುಗಳನ್ನು ದಾಟಿ ಎರಡು ಅಡಿ ಒಳಗೆ ಬಂದಿತ್ತು. ಗಿಡಗಳು ಉದ್ದಕ್ಕೆ ಬೆಳೆದವು, ಕಾಯಿ ಕಟ್ಟಲಿಲ್ಲ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ಸೂರ್ಯನ ದಾರಿ ತಿಂಗಳಿಂದ ತಿಂಗಳಿಗೆ ಸರಿಯುತ್ತಲೇ ಇರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನೀವು ಕಲ್ಲಿಟ್ಟ ಮೇಲೆ ಮೂರು ವಾರ ಬಿಟ್ಟು ಅದೇ ಹೊತ್ತಿಗೆ ಮತ್ತೆ ನೋಡಿ, ನೆರಳು ಯಾವ ಕಡೆಗೆ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೇಕು. ಸೊಪ್ಪುಗಳು ಮೂರು ನಾಲ್ಕು ಗಂಟೆಯಲ್ಲೂ ಬರುತ್ತವೆ, ನೆರಳಿನ ಅಂಚನ್ನು ಅವಕ್ಕೇ ಬಿಡಿ.

ಮಣ್ಣಿನ ಕೆಲಸಕ್ಕೆ ನಿಮ್ಮ ಎರಡೂವರೆ ತಿಂಗಳು ಸರಿಯಾಗಿ ಹೊಂದುತ್ತದೆ. ಐದಾರು ಕಡೆ 15 ಸೆಂಟಿಮೀಟರ್ ಆಳದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅದರಿಂದ ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ಮಣ್ಣಿನ ಹುಳಿಯ ಅಳತೆಯಾದ ರಸಸಾರ (pH) 6ರಿಂದ 7ರೊಳಗಿದ್ದರೆ ಬಹುತೇಕ ತರಕಾರಿಗೆ ತೊಂದರೆಯಿಲ್ಲ. ಹುಳಿ ಹೆಚ್ಚಿದ್ದರೆ ಸುಣ್ಣ ಹಾಕಬೇಕಾಗುತ್ತದೆ, ಅದು ಕೆಲಸ ಮಾಡಲು ತಿಂಗಳುಗಳೇ ಬೇಕು, ಬಿತ್ತನೆಯ ವಾರ ಹಾಕಿ ಪ್ರಯೋಜನವಿಲ್ಲ. ಮಣ್ಣಲ್ಲಿ ತೇವವಿದ್ದು ಹೆಪ್ಪುಗಟ್ಟುವ ಚಳಿ ಇಲ್ಲದಿದ್ದರೆ ಸೆಣಬಿನಂಥ ಹಸಿರೆಲೆ ಗೊಬ್ಬರದ ಬೆಳೆ ಈಗಲೇ ಬಿತ್ತಿ. ಸುಮಾರು 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿದರೆ ಕೊಳೆಯಲು ಇನ್ನೂ ಮೂರು ವಾರ ಸಿಗುತ್ತದೆ. ಕಡು ಬಿಸಿಲಿನ ಕಾಲವಾದರೆ ಪಾತಿಗೆ ನೀರು ಹನಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಮುಚ್ಚಿ ಬಿಗಿಯಾಗಿ ಹೊದಿಸಿ, ನಾಲ್ಕರಿಂದ ಆರು ವಾರ ಬಿಡಿ. ಒಳಗಿನ ಕಾವಿಗೆ ಕಳೆಬೀಜಗಳೂ ಹಲವು ರೋಗಾಣುಗಳೂ ಸಾಯುತ್ತವೆ. ಎರಡೂ ಆಗದಿದ್ದರೆ ತರಗೆಲೆಯನ್ನಾದರೂ ದಪ್ಪಗೆ ಹರಡಿ. ಬರಿಮೈಯಲ್ಲಿ ಮಣ್ಣನ್ನು ಬಿಡಬೇಡಿ.

ಎಷ್ಟು ಪಾತಿ ಮಾಡಬೇಕು ಎಂಬುದನ್ನು ನೀರು ನಿರ್ಧರಿಸಲಿ. ಒಂದು ಚದರ ಮೀಟರಿಗೆ ವಾರಕ್ಕೆ ಸುಮಾರು 25 ಲೀಟರ್ ಬೇಕು. ಮೇಲೆ ಹೇಳಿದ ಪಾತಿಗೆ ತೊಂಬತ್ತರ ಆಸುಪಾಸು. ಆರು ಪಾತಿಗೆ ನೀರು ಹೊರುವ ಶಕ್ತಿ ನಿಮಗಿಲ್ಲದಿದ್ದರೆ ಮೂರೇ ಮಾಡಿ. ಬಾಯಾರಿದ ಆರು ಪಾತಿಗಿಂತ ಆ ಮೂರು ಹೆಚ್ಚು ಕೊಡುತ್ತವೆ.

ಕೊನೆಯದಾಗಿ ಬೀಜದ ಡಬ್ಬಿ ತೆಗೆಯಿರಿ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ, ಹುರುಳಿಕಾಯಿಯದು ಮೂರು ವರ್ಷ, ಟೊಮೆಟೊ ಮತ್ತು ಸೌತೆಯದು ಚೆನ್ನಾಗಿ ಇಟ್ಟಿದ್ದರೆ ನಾಲ್ಕೈದು ವರ್ಷ ಬರುತ್ತದೆ. ಅನುಮಾನ ಬಂದದ್ದರಲ್ಲಿ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟು, ಮಡಚಿ, ಮುಚ್ಚಳದ ಡಬ್ಬಿಯಲ್ಲಿ ಬೆಚ್ಚಗಿನ ಜಾಗದಲ್ಲಿಡಿ. ದಿನಕ್ಕೊಮ್ಮೆ ಬಿಡಿಸಿ ನೋಡಿ, ಆರಿದ್ದರೆ ನೀರು ಚಿಮುಕಿಸಿ. ಮೊದಲು ಬೀಜ ಊದುತ್ತದೆ, ಆಮೇಲೆ ಸಿಪ್ಪೆ ಸೀಳಿ ದಾರದೆಳೆಯಂಥ ಬಿಳಿ ಬೇರು ಹೊರಗೆ ಬರುತ್ತದೆ. ಹತ್ತು ದಿನದ ಹೊತ್ತಿಗೆ ಎಂಟು ಮೊಳೆತಿದ್ದರೆ ನಿಶ್ಚಿಂತೆಯಿಂದ ಬಿತ್ತಿ. ಐದೇ ಮೊಳೆತಿದ್ದರೆ ಎರಡರಷ್ಟು ಹಾಕಿ. ಮೂರಕ್ಕಿಂತ ಕಡಿಮೆ ಇದ್ದರೆ ಹೊಸ ಬೀಜ ತರಿಸಿ. ನಿಮಗಿನ್ನೂ ಎರಡು ತಿಂಗಳು ಉಳಿದಿರುತ್ತದೆ.